ಹಳೆಯ ಕಂಪ್ಯೂಟರು ಓದಲಾರದ ಯು.ಎಸ್.ಬಿ. ಡ್ರೈವುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು ಇಪ್ಪತ್ತು ವರ್ಷ ಹಳೆಯ ಕಂಪ್ಯೂಟರುಗಳು ನಮ್ಮ ಊರುಗಳಲ್ಲಿ ಇನ್ನೂ ದಿನವೂ ದುಡಿಯುತ್ತಿವೆ. ಪೇಜ್‌ಮೇಕರ್ 7.0ರಲ್ಲಿ ಲಗ್ನಪತ್ರಿಕೆ ಕಟ್ಟುವ ಡಿ.ಟಿ.ಪಿ. ಅಂಗಡಿಗಳು, ಯೂನಿಕೋಡ್ ಬರುವ ಮುಂಚಿನ ನುಡಿ ಅಕ್ಷರಗಳಲ್ಲಿ ಸಾವಿರಾರು ಪುಟಗಳನ್ನು ಕೂಡಿಟ್ಟುಕೊಂಡ ಮುದ್ರಣಾಲಯಗಳು, ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಬೀಗದಂಥ ಡಾಂಗಲ್ ಇಲ್ಲದೆ ತೆರೆಯದ ತಂತ್ರಾಂಶವನ್ನೇ ನೆಚ್ಚಿಕೊಂಡವರು, ಎಲ್ಲರಿಗೂ ಆ ಯಂತ್ರವೇ ಬೇಕು. ಹೊಸ ಡ್ರೈವುಗಳು ಮಾತ್ರ ಆ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವಲ್ಲ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಸರಳವಾದವುಗಳಿಂದ ತೊಡಕಿನವುಗಳ ಕಡೆಗೆ ಇಲ್ಲಿ ಜೋಡಿಸಿದ್ದೇನೆ. ಹೆಚ್ಚಿನ ಉತ್ತರಗಳು ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7ಕ್ಕೆ ಸಂಬಂಧಿಸಿದವು.

## ಮೊದಲು ತಿಳಿಯಬೇಕಾದದ್ದು

ಹೊಸ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆಯುವ ಹಾರ್ಡ್ ಡಿಸ್ಕ್ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಕಾಣಿಸುತ್ತಲೇ ಇಲ್ಲ. ಡಿಸ್ಕ್ ಹಾಳಾಗಿದೆಯೇ ಸಾರ್?

ಬೇರೆಡೆ ತೆರೆಯುತ್ತಿದೆಯೆಂದರೆ ಡಿಸ್ಕ್ ಹಾಳಾಗಿರುವ ಸಂಭವ ಬಹಳ ಕಡಿಮೆ. ಡ್ರೈವಿನೊಳಗಿನ ಕಡತಗಳು ನಿಮ್ಮ ಪರದೆಯ ಮೇಲೆ ಕಾಣಿಸಬೇಕಾದರೆ ನಾಲ್ಕು ಹಂತಗಳನ್ನು ದಾಟಬೇಕು. ಮೊದಲು ಡ್ರೈವಿಗೆ ಸಾಕಷ್ಟು ವಿದ್ಯುತ್ತು ಸಿಗಬೇಕು. ಆಮೇಲೆ ಅದು ಯು.ಎಸ್.ಬಿ. ಸಂಗ್ರಹ ಸಾಧನವೆಂದು ಕಂಪ್ಯೂಟರಿಗೆ ಗುರುತು ಹತ್ತಬೇಕು. ಮೂರನೆಯದಾಗಿ ಡಿಸ್ಕಿನ ಆರಂಭದಲ್ಲಿ ಬರೆದಿರುವ ಪಾರ್ಟಿಶನ್ ಪಟ್ಟಿ, ಅಂದರೆ ಡಿಸ್ಕನ್ನು ಯಾವ ಯಾವ ಭಾಗಗಳಾಗಿ ಹಂಚಿದೆ ಎಂಬ ಪಟ್ಟಿ, ವಿಂಡೋಸ್‌ಗೆ ಅರ್ಥವಾಗಬೇಕು. ಕೊನೆಗೆ ಆ ಪಾರ್ಟಿಶನ್ನಿನೊಳಗಿನ ಕಡತ ವ್ಯವಸ್ಥೆ, ಅಂದರೆ ಕಡತಗಳನ್ನು ಜೋಡಿಸಿಡುವ ಕ್ರಮಗಳಾದ ಎನ್‌ಟಿಎಫ್‌ಎಸ್, ಫ್ಯಾಟ್32, ಎಕ್ಸ್‌ಫ್ಯಾಟ್ ಮುಂತಾದವುಗಳಲ್ಲಿ ಒಂದು, ಆ ವಿಂಡೋಸ್‌ಗೆ ಗೊತ್ತಿರುವುದಾಗಿರಬೇಕು.

ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಕಂಪ್ಯೂಟರೇ ಹೇಳುತ್ತದೆ. ದೀಪ ಹೊತ್ತುವುದಿಲ್ಲ, ಅಥವಾ ಹೊತ್ತಿ ಆರಿ ಹೊತ್ತಿ ಆರಿ ಆಡುತ್ತದೆ ಎಂದರೆ ಮೊದಲ ಹಂತ. ಗಡಿಯಾರದ ಪಕ್ಕದಲ್ಲಿ "ಯು.ಎಸ್.ಬಿ. ಡಿವೈಸ್ ನಾಟ್ ರೆಕಗ್ನೈಸ್ಡ್" ಎಂಬ ಗುಳ್ಳೆ ಎದ್ದರೆ ಮೊದಲ ಅಥವಾ ಎರಡನೆಯ ಹಂತ. ಡ್ರೈವನ್ನು ಸುರಕ್ಷಿತವಾಗಿ ತೆಗೆಯುವ ಹಸಿರು ಬಾಣದ ಚಿಹ್ನೆ ಬಂದಿದೆ, ಮೈ ಕಂಪ್ಯೂಟರಿನಲ್ಲಿ ಮಾತ್ರ ಇ, ಎಫ್‌ನಂಥ ಹೊಸ ಡ್ರೈವ್ ಅಕ್ಷರ ಕಾಣಿಸುವುದಿಲ್ಲ ಎಂದರೆ ಮೂರನೆಯದು. ಅಕ್ಷರವೂ ಬಂದಿದೆ, ಕ್ಲಿಕ್ ಮಾಡಿದರೆ ಫಾರ್ಮ್ಯಾಟ್ ಮಾಡಲು ಕೇಳುತ್ತದೆ ಎಂದರೆ ನಾಲ್ಕನೆಯದು. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಆಯ್ದು, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯುವುದನ್ನು ರೂಢಿ ಮಾಡಿಕೊಳ್ಳಿ. ಮುಂದಿನ ಹಲವು ಉತ್ತರಗಳಿಗೆ ಆ ಕಿಟಕಿಯೇ ಆಧಾರ.

"ದಿ ಡಿಸ್ಕ್ ಈಸ್ ನಾಟ್ ಫಾರ್ಮ್ಯಾಟೆಡ್, ಈಗ ಮಾಡಲೇ?" ಎಂದು ಕೇಳುತ್ತಿದೆ. ಯೆಸ್ ಒತ್ತಿದರೆ ಸರಿಹೋಗುತ್ತದೆಯೇ?

ದಯವಿಟ್ಟು ಒತ್ತಬೇಡಿ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನೇ ಓದಿ.

ವಿಂಡೋಸ್ ಆ ಮಾತನ್ನು ಹೇಳುವುದು ಡಿಸ್ಕ್ ಖಾಲಿಯಾಗಿದ್ದಾಗ ಮಾತ್ರವಲ್ಲ. ತನಗೆ ಓದಲು ಬಾರದ ಬರವಣಿಗೆ ಕಂಡಾಗಲೂ ಅದೇ ಮಾತನ್ನು ಹೇಳುತ್ತದೆ. ಕನ್ನಡ ಓದಲು ಬಾರದವನು ಕನ್ನಡದ ಲೆಕ್ಕಪುಸ್ತಕವನ್ನು ಕೈಯಲ್ಲಿ ಹಿಡಿದು "ಇದರಲ್ಲಿ ಏನೂ ಬರೆದಿಲ್ಲ, ಅಳಿಸಿ ಕೊಡಲೇ?" ಎಂದು ಕೇಳಿದಂತೆ ಅದು. ನೋ ಒತ್ತಿ, ಡ್ರೈವನ್ನು ತೆಗೆದು, ಅದು ತೆರೆಯುತ್ತಿದ್ದ ಕಂಪ್ಯೂಟರಿಗೆ ಹಾಕಿ ನೋಡಿ. ಹತ್ತರಲ್ಲಿ ಎಂಟು ಸಲ ಎಲ್ಲವೂ ಇದ್ದಲ್ಲೇ ಇರುವುದನ್ನು ನಾನು ಕಂಡಿದ್ದೇನೆ.

ಈಗಾಗಲೇ ಯೆಸ್ ಒತ್ತಿಯಾಗಿದ್ದರೂ ಎಲ್ಲ ಮುಗಿಯಿತೆಂದು ತಿಳಿಯಬೇಕಿಲ್ಲ. ಎಕ್ಸ್‌ಪಿಯ ಫಾರ್ಮ್ಯಾಟ್ ಡಿಸ್ಕಿನ ಮೇಲೆ ಹೊಸ ಖಾಲಿ ಪಟ್ಟಿಯನ್ನು ಬರೆಯುತ್ತದೆಯೇ ಹೊರತು ಹಳೆಯ ಕಡತಗಳಿದ್ದ ಜಾಗವನ್ನೆಲ್ಲ ಉಜ್ಜಿ ಅಳಿಸುವುದಿಲ್ಲ. ವಿಸ್ಟಾದಿಂದ ಈಚೆಗೆ ಮಾತ್ರ, ಕ್ವಿಕ್ ಎಂಬ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ಇಡೀ ಜಾಗದ ಮೇಲೆ ಸೊನ್ನೆ ಬರೆಯುತ್ತದೆ. ಆದ್ದರಿಂದ ತಪ್ಪಾದ ಕ್ಷಣದಲ್ಲೇ ನಿಲ್ಲಿಸಿ, ಆ ಡ್ರೈವಿಗೆ ಒಂದು ಅಕ್ಷರವನ್ನೂ ಬರೆಯದೆ, ಟೆಸ್ಟ್‌ಡಿಸ್ಕ್ ಅಥವಾ ಫೋಟೋರೆಕ್‌ನಂಥ ಉಚಿತ ತಂತ್ರಾಂಶದಿಂದ ಕಡತಗಳನ್ನು ಬೇರೊಂದು ಡಿಸ್ಕಿಗೆ ಎತ್ತಿಕೊಳ್ಳಬೇಕು.

ಡ್ರೈವ್ ಯು.ಎಸ್.ಬಿ. 3, ನಮ್ಮ ಕಂಪ್ಯೂಟರ್ ಯು.ಎಸ್.ಬಿ. 2. ಎರಡಕ್ಕೂ ಹೊಂದುತ್ತದೆಯೇ?

ಹೊಂದುತ್ತದೆ. 2000ದಲ್ಲಿ ಬಂದ ಯು.ಎಸ್.ಬಿ. 2.0ರ ಪೋರ್ಟಿಗೆ 2008ರಲ್ಲಿ ಬಂದ 3.0ರ ಡ್ರೈವನ್ನು ಹಾಕಿದರೆ ಎರಡೂ 2.0ರ ವೇಗಕ್ಕೆ ಇಳಿದು ಕೆಲಸ ಮಾಡುತ್ತವೆ. ಡ್ರೈವಿನ ಕಡೆಯಲ್ಲಿರುವ ಅಗಲವಾದ, ನಡುವೆ ತುಂಡರಿಸಿದಂತೆ ಕಾಣುವ ಕಿಂಡಿಯ ದೊಡ್ಡ ಭಾಗಕ್ಕೆ ಹಳೆಯ ಮೊಬೈಲ್ ಚಾರ್ಜರಿನ ಮೈಕ್ರೋ ಕೇಬಲ್ ಕೂಡ ಸರಿಯಾಗಿ ಕೂರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೂಲ ಕೇಬಲ್ ಹಾಳಾದಾಗ ಪರೀಕ್ಷೆಗೆ ಅದು ಒದಗುತ್ತದೆ. ಆದರೆ ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ಗಳಲ್ಲಿ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ, ಜೋಕೆ.

ಒಂದು ವ್ಯತಿರಿಕ್ತ ತೊಂದರೆಯೂ ಇದೆ. ಕಂಪ್ಯೂಟರಿನಲ್ಲಿ ನೀಲಿ ಬಣ್ಣದ ಯು.ಎಸ್.ಬಿ. 3 ಪೋರ್ಟ್ ಇದ್ದು ಅದರಲ್ಲಿ ಮಾತ್ರ ಏನೂ ಕೆಲಸ ಮಾಡದಿದ್ದರೆ, ಆ ಯಂತ್ರದಲ್ಲಿರುವುದು ವಿಂಡೋಸ್ 7 ಅಥವಾ ಅದಕ್ಕೂ ಹಳೆಯದಿರಬಹುದು. ಯು.ಎಸ್.ಬಿ. 3ರ ಪೋರ್ಟನ್ನು ನಡೆಸುವ ಚಾಲಕ ತಂತ್ರಾಂಶ (ಡ್ರೈವರ್) ವಿಂಡೋಸ್ 8ರಿಂದ ಮಾತ್ರ ಜೊತೆಗೇ ಬರುತ್ತದೆ. ಮದರ್‌ಬೋರ್ಡಿನ ತಯಾರಕರ ಚಾಲಕವನ್ನು ಹಾಕುವವರೆಗೆ ಕಪ್ಪು ಪೋರ್ಟನ್ನು ಬಳಸಿ.

ನಕಲು ಮಾಡಲು ಇಡೀ ದಿನ ಬೇಕಾಗುತ್ತದೆ. ಇದೂ ದೋಷವೇ?

ಪೋರ್ಟ್ ಯು.ಎಸ್.ಬಿ. 1.1 ಆಗಿದ್ದರೆ ದೋಷವಲ್ಲ, ಅದರ ಶಕ್ತಿಯೇ ಅಷ್ಟು. ಸೆಕೆಂಡಿಗೆ 12 ಮೆಗಾಬಿಟ್ ಎಂದರೆ ನಿಜ ಬಳಕೆಯಲ್ಲಿ ಸುಮಾರು 1 ಮೆಗಾಬೈಟ್. 4 ಜಿ.ಬಿ. ನಕಲಿಗೆ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ, 100 ಜಿ.ಬಿ.ಗೆ ಒಂದು ಹಗಲು ಒಂದು ರಾತ್ರಿ ಸಾಲದು. ಪಿ.ಸಿ.ಐ. ಸ್ಲಾಟಿಗೆ ಹಾಕುವ ಯು.ಎಸ್.ಬಿ. 2.0 ಕಾರ್ಡ್ ಇದಕ್ಕೆ ಸರಿಯಾದ ಪರಿಹಾರ. ಎಕ್ಸ್‌ಪಿಯಲ್ಲಿ ಕನಿಷ್ಠ ಸರ್ವಿಸ್ ಪ್ಯಾಕ್ 1 ಎಂಬ ಪರಿಷ್ಕರಣೆಗಳ ಕಟ್ಟು ಇರಬೇಕು. ಪೋರ್ಟು 2.0 ಆಗಿದ್ದೂ ಹೀಗಾದರೆ, ಅದರ ಚಾಲಕ ಸರಿಯಾಗಿ ಕೂತಿಲ್ಲವೆಂದು ಅರ್ಥ.

ವಿಂಡೋಸ್ 98 ಇರುವ ಯಂತ್ರಕ್ಕೆ ಪೆನ್‌ಡ್ರೈವ್ ಹಾಕಬಹುದೇ?

ಎಲ್ಲ ಪೆನ್‌ಡ್ರೈವುಗಳಿಗೂ ಹೊಂದುವ ಸಾಮಾನ್ಯ ಚಾಲಕ ವಿಂಡೋಸ್ ಮಿ ಮತ್ತು ವಿಂಡೋಸ್ 2000ದಿಂದ ಮಾತ್ರ ಇದೆ. 98ರಲ್ಲಿ ಆಯಾ ಪೆನ್‌ಡ್ರೈವಿನ ತಯಾರಕರೇ ಕೊಟ್ಟ ಚಾಲಕ ಬೇಕು. ಅದು ದೊರೆತರೂ ಫ್ಯಾಟ್ ಅಥವಾ ಫ್ಯಾಟ್32 ಆಗಿರುವ ಸಣ್ಣ ಪೆನ್‌ಡ್ರೈವನ್ನೇ ಬಳಸಿ, ಎನ್‌ಟಿಎಫ್‌ಎಸ್ ಅದಕ್ಕೆ ತಿಳಿಯದು.

## ವಿದ್ಯುತ್ತು, ಕೇಬಲ್, ಪೋರ್ಟ್

ಡಿಸ್ಕ್ ಹಾಕಿದ ಕೂಡಲೇ ದೀಪ ಹೊತ್ತುತ್ತದೆ, ಟಿಕ್ ಟಿಕ್ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಏನು ಮಾಡಲಿ?

ಡ್ರೈವಿಗೆ ಕರೆಂಟ್ ಸಾಲುತ್ತಿಲ್ಲ ಎಂದು ಮೊದಲು ಅನುಮಾನಿಸಿ. ಯು.ಎಸ್.ಬಿ. 2.0 ಪೋರ್ಟು ನಿಯಮದಂತೆ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, 3.0 ಪೋರ್ಟು 900. ಅಡಾಪ್ಟರ್ ಇಲ್ಲದ ಎರಡೂವರೆ ಇಂಚಿನ ಡಿಸ್ಕ್, ಒಳಗಿನ ತಟ್ಟೆಗಳು ತಿರುಗಲು ಆರಂಭಿಸುವ ಆ ಕೆಲವು ಕ್ಷಣಗಳಲ್ಲಿ, 1 ಆಂಪಿಯರಿನ ಹತ್ತಿರಕ್ಕೂ ಹೋಗಬಲ್ಲದು. ಹೊಸ ಲ್ಯಾಪ್‌ಟಾಪುಗಳು ಅದನ್ನು ತಡೆದುಕೊಳ್ಳುತ್ತವೆ. ಹಳೆಯ ಕಂಪ್ಯೂಟರಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ತಟ್ಟೆ ನಿಲ್ಲುತ್ತದೆ, ಡ್ರೈವ್ ಮತ್ತೆ ಮೊದಲಿನಿಂದ ಪ್ರಯತ್ನಿಸುತ್ತದೆ. ನಿಮಗೆ ಕೇಳಿಸುವ ಟಿಕ್ ಟಿಕ್ ಆ ಪ್ರಯತ್ನದ ಸದ್ದು.

ಒಂದು ಮುದ್ರಣಾಲಯದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಊರಿನ ಜಾತ್ರೆಯ ಸ್ಮರಣ ಸಂಚಿಕೆಯ ಚಿತ್ರಗಳೆಲ್ಲ ಇದ್ದ ಡಿಸ್ಕ್ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟಿನಲ್ಲಿ ಹೀಗೆಯೇ ಬಡಿದುಕೊಳ್ಳುತ್ತಿತ್ತು. ಅವರು ಅದನ್ನು ಸತ್ತಿತೆಂದೇ ಬಗೆದು ಎರಡು ದಿನದಿಂದ ಕಪಾಟಿನಲ್ಲಿ ಇಟ್ಟಿದ್ದರು. ಕ್ಯಾಬಿನೆಟ್ಟನ್ನು ಮೇಜಿನಿಂದ ಎಳೆದು, ಹಿಂಬದಿಯಲ್ಲಿ ಕೀಬೋರ್ಡಿನ ಪಕ್ಕದ ಪೋರ್ಟಿಗೆ ಒಂದಡಿಯ ಕೇಬಲ್ಲಿನಿಂದ ಸಿಕ್ಕಿಸಿದೆವು. ಒಂದು ಸಲ ಗುಂಯ್ ಎಂದು ತಟ್ಟೆ ಏರಿದ ಸದ್ದು ಕೇಳಿಸಿತು, ಅರ್ಧ ನಿಮಿಷದಲ್ಲಿ ಫೋಲ್ಡರುಗಳು ತೆರೆದವು. ಹಿಂಬದಿಯ ಪೋರ್ಟುಗಳು ಮದರ್‌ಬೋರ್ಡಿಗೇ ಬೆಸೆದಿರುತ್ತವೆ. ಮುಂದಿನವು ಸಣ್ಣ ತಂತಿಗಳ ಮೂಲಕ ಬರುತ್ತವೆ, ಆ ತಂತಿಗಳಲ್ಲೇ ಒಂದಿಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ಉದ್ದ ಕೇಬಲ್ ಕೂಡ ಅದೇ ನಷ್ಟ ಮಾಡುತ್ತದೆ.

ಡಿವೈಸ್ ಮ್ಯಾನೇಜರಿನಲ್ಲಿ ಯು.ಎಸ್.ಬಿ. ರೂಟ್ ಹಬ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಪವರ್ ಪುಟವನ್ನು ತೆರೆದರೆ, ಯಾವ ಸಾಧನ ಎಷ್ಟು ಮಿಲಿಆಂಪಿಯರ್ ಕೇಳಿದೆ ಎಂಬುದು ಕಾಣುತ್ತದೆ. ಪಕ್ಕದ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದೆಂಬ ಗುರುತನ್ನು ತೆಗೆದುಬಿಡಿ. ನಕಲಿನ ನಡುವೆ ಡ್ರೈವ್ ಮಾಯವಾಗುವ ಎಷ್ಟೋ ಪ್ರಕರಣಗಳು ಇದರಿಂದಲೇ ಸರಿಯಾಗಿವೆ. ಈ ಎಲ್ಲದರ ನಂತರವೂ, ಬೇರೆ ಕಂಪ್ಯೂಟರಿನಲ್ಲೂ, ಅದೇ ಸದ್ದು ಬಂದರೆ ವಿಷಯವೇ ಬೇರೆ. ಅದನ್ನು ಕೊನೆಯ ಪ್ರಶ್ನೆಯಲ್ಲಿ ನೋಡಿ.

ಅಂಗಡಿಯಲ್ಲಿ ಎರಡು ತಲೆಯ ಕೇಬಲ್ ಕೊಡುತ್ತೇವೆ ಎಂದರು. ಅದು ಒಳ್ಳೆಯದೋ, ಯು.ಎಸ್.ಬಿ. ಹಬ್ ಒಳ್ಳೆಯದೋ?

ಎರಡು ತಲೆಯ ಕೇಬಲ್ ಎರಡು ಪೋರ್ಟುಗಳಿಂದ ಕರೆಂಟ್ ಸೇರಿಸಿ ತರುತ್ತದೆ. ಯು.ಎಸ್.ಬಿ. ನಿಯಮಾವಳಿಗೆ ಅದು ಒಪ್ಪಿಗೆಯಲ್ಲ, ಬಳಕೆಯಲ್ಲಿ ಮಾತ್ರ ಬಹುಪಾಲು ಕೆಲಸ ಮಾಡುತ್ತದೆ. ಎರಡು ತಲೆಗಳೂ ಒಂದೇ ಕಂಪ್ಯೂಟರಿಗೆ ಇರಲಿ, ಮೊದಲು ಕರೆಂಟಿನ ತಲೆಯನ್ನು ಹಾಕಿ ಆಮೇಲೆ ಮಾಹಿತಿಯ ತಲೆಯನ್ನು ಹಾಕಿ.

ನನ್ನ ಅಭಿಪ್ರಾಯದಲ್ಲಿ ಸ್ವಂತ ಅಡಾಪ್ಟರ್ ಇರುವ ಹಬ್ಬೇ ಲೇಸು. ಗೋಡೆಯಿಂದ ವಿದ್ಯುತ್ತು ಪಡೆಯುವುದರಿಂದ ಮದರ್‌ಬೋರ್ಡಿಗೆ ಹೊರೆಯಿಲ್ಲ. ಅಡಾಪ್ಟರ್ ಇಲ್ಲದ ಅಗ್ಗದ ಹಬ್ಬನ್ನು ಹಾರ್ಡ್ ಡಿಸ್ಕಿಗೆ ಬಳಸಲೇಬೇಡಿ. ಅದು ಒಂದು ಪೋರ್ಟಿನ 500 ಮಿಲಿಆಂಪಿಯರನ್ನೇ ಹಂಚುತ್ತದೆ, ಒಂದೊಂದು ಕಿಂಡಿಗೆ ನಿಯಮದಂತೆ 100 ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎರಡೂ ಬಗೆಯವು ಅಕ್ಕಪಕ್ಕದಲ್ಲೇ ಇರುತ್ತವೆ, ಅಡಾಪ್ಟರಿನ ಕಿಂಡಿ ಇದೆಯೇ ಎಂದು ನೋಡಿ ತನ್ನಿ.

ನಾವು ಕರಾವಳಿಯವರು. ಮಳೆಗಾಲ ಬಂತೆಂದರೆ ಪೋರ್ಟುಗಳು ಕೈಕೊಡುತ್ತವೆ. ಇದಕ್ಕೇನಾದರೂ ಉಂಟೇ?

ಉಪ್ಪಿನಂಶದ ತೇವಕ್ಕೆ ಪೋರ್ಟಿನೊಳಗಿನ ತಗಡು ಕಿಲುಬು ಹಿಡಿಯುತ್ತದೆ. ಕಂಪ್ಯೂಟರನ್ನು ಆರಿಸಿ, ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಬ್ರಷ್ಷಿನಿಂದ ಸಂಪರ್ಕ ಪಟ್ಟಿಗಳನ್ನು ಒರೆಸಿ ಪೂರ್ತಿ ಒಣಗಲು ಬಿಡಿ. ಸೂಜಿ, ಪಿನ್ನು ಹಾಕಿ ಕೆರೆಯಬಾರದು. ಪಟ್ಟಿ ಬಾಗಿ ಒಂದಕ್ಕೊಂದು ತಾಗಿದರೆ ಪೋರ್ಟೇ ಸುಡುತ್ತದೆ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿಡುವುದು ಒಳ್ಳೆಯದು.

ಡ್ರೈವ್ ಹಾಕಿಟ್ಟೇ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯಲ್ಲೇ ನಿಂತುಬಿಡುತ್ತದೆ, ತೆಗೆದರೆ ಸರಿ. ಏಕೆ?

ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಮದರ್‌ಬೋರ್ಡಿನಲ್ಲೇ ಇರುವ ಬಯಾಸ್ ತಂತ್ರಾಂಶ ಆ ಡ್ರೈವಿನಿಂದಲೇ ಶುರುವಾಗಲು ಹೋಗುತ್ತದೆ, ಇಲ್ಲವೇ ಅಷ್ಟು ದೊಡ್ಡ ಡಿಸ್ಕನ್ನು ಅಳೆಯಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಯಾಸ್‌ನ ಬೂಟ್ ಕ್ರಮದಲ್ಲಿ ಒಳಗಿನ ಹಾರ್ಡ್ ಡಿಸ್ಕನ್ನು ಮೊದಲು ಇಡಿ. ಅದರಿಂದಲೂ ಸರಿಯಾಗದಿದ್ದರೆ ವಿಂಡೋಸ್ ತೆರೆದ ಮೇಲೆಯೇ ಡ್ರೈವನ್ನು ಹಾಕಿ.

## ಗುರುತು ಸಿಕ್ಕಿದೆ, ಕಡತಗಳು ಕಾಣುವುದಿಲ್ಲ

ಹಸಿರು ಬಾಣ ಬರುತ್ತದೆ, ಮೈ ಕಂಪ್ಯೂಟರಿನಲ್ಲಿ ಡ್ರೈವ್ ಬರುವುದಿಲ್ಲ. ನಮ್ಮದು ಆಫೀಸಿನ ನೆಟ್‌ವರ್ಕಿನಲ್ಲಿರುವ ಎಕ್ಸ್‌ಪಿ ಕಂಪ್ಯೂಟರ್.

ನೆಟ್‌ವರ್ಕ್ ಎಂಬ ನಿಮ್ಮ ಮಾತಿನಲ್ಲೇ ಸುಳಿವಿದೆ. ಎಕ್ಸ್‌ಪಿ ಹೊಸ ಡ್ರೈವಿಗೆ ಅಕ್ಷರ ಕೊಡುವಾಗ ಯಂತ್ರದೊಳಗಿನ ಡ್ರೈವುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸರ್ವರಿನ ಫೋಲ್ಡರಿಗೆ ನೀವು ಮೊದಲೇ ಕೊಟ್ಟುಕೊಂಡ ಅಕ್ಷರವನ್ನು ಗಮನಿಸುವುದಿಲ್ಲ. ಎರಡಕ್ಕೂ ಎಫ್ ಎಂಬ ಒಂದೇ ಅಕ್ಷರ ಸಿಕ್ಕಿ, ಪೆನ್‌ಡ್ರೈವ್ ಹಿಂದೆ ಮರೆಯಾಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವ್ ಅಕ್ಷರ ಬದಲಿಸುವ ಆಯ್ಕೆಯಲ್ಲಿ ಯಾರೂ ಬಳಸದ ಅಕ್ಷರ ಕೊಡಿ. ಇದರಿಂದ ಕಡತಗಳಿಗೆ ಯಾವ ಅಪಾಯವೂ ಇಲ್ಲ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ "ಜಿ.ಪಿ.ಟಿ. ಪ್ರೊಟೆಕ್ಟಿವ್ ಪಾರ್ಟಿಶನ್" ಎಂದು ತೋರಿಸುತ್ತದೆ. ರೈಟ್ ಕ್ಲಿಕ್ ಮಾಡಿದರೂ ಏನೂ ಆಯ್ಕೆ ಇಲ್ಲ.

ಡಿಸ್ಕಿನಲ್ಲಿ ಪಾರ್ಟಿಶನ್ ಪಟ್ಟಿಯನ್ನು ಬರೆಯುವ ಕ್ರಮಗಳು ಎರಡು: ಹಳೆಯ ಎಂ.ಬಿ.ಆರ್. ಮತ್ತು ಹೊಸ ಜಿ.ಪಿ.ಟಿ. ಸಾಮಾನ್ಯ 32 ಬಿಟ್ ಎಕ್ಸ್‌ಪಿಗೆ ಜಿ.ಪಿ.ಟಿ. ತಿಳಿಯದು. ಹಾಗೆ ತಿಳಿಯದ ಯಂತ್ರಗಳು ಡಿಸ್ಕನ್ನು ಖಾಲಿಯೆಂದು ಬಗೆದು ಅಳಿಸಿಬಿಡಬಾರದೆಂದೇ ಜಿ.ಪಿ.ಟಿ. ಡಿಸ್ಕಿನ ಆರಂಭದಲ್ಲಿ ಎಂ.ಬಿ.ಆರ್. ರೂಪದ ಒಂದು ಕಾವಲು ನಮೂದನ್ನು ಬರೆದಿರುತ್ತಾರೆ. ನಿಮಗೆ ಕಾಣುತ್ತಿರುವುದು ಅದೇ. ನಿಮ್ಮ ಕಡತಗಳು ಅದರ ಹಿಂದೆ ಸುರಕ್ಷಿತವಾಗಿವೆ. 64 ಬಿಟ್ ಎಕ್ಸ್‌ಪಿ, ವಿಸ್ಟಾ ಹಾಗೂ ಮುಂದಿನ ಎಲ್ಲ ವಿಂಡೋಸ್‌ಗಳೂ ಇಂಥ ಡಿಸ್ಕನ್ನು ಓದುತ್ತವೆ.

ಆ ಡಿಸ್ಕ್ ಎಕ್ಸ್‌ಪಿಯಲ್ಲೇ ತೆರೆಯಬೇಕೆಂದಿದ್ದರೆ, ಹೊಸ ಕಂಪ್ಯೂಟರಿನಲ್ಲಿ ಕಡತಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ನಾಲ್ಕಾರು ಕಡತಗಳನ್ನು ಬಿಚ್ಚಿ ನೋಡಿ, ಆಮೇಲೆ ಪಾರ್ಟಿಶನ್ ಅಳಿಸಿ ಡಿಸ್ಕನ್ನು ಎಂ.ಬಿ.ಆರ್.ಗೆ ಬದಲಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಡಿಸ್ಕ್ 2 ಟಿ.ಬಿ.ಯೊಳಗೆ ಇದ್ದರೆ ಮಾತ್ರ ಈ ದಾರಿ.

32 ಜಿ.ಬಿ. ಪೆನ್‌ಡ್ರೈವ್ ತೆರೆಯುತ್ತದೆ, 64 ಜಿ.ಬಿ.ಯದು ತೆರೆಯುವುದಿಲ್ಲ. ಗಾತ್ರ ಹೆಚ್ಚಾದದ್ದಕ್ಕೆ ಹೀಗೆಯೇ?

ಗಾತ್ರ ನೇರ ಕಾರಣವಲ್ಲ. 32 ಜಿ.ಬಿ.ಗಿಂತ ದೊಡ್ಡ ಪೆನ್‌ಡ್ರೈವುಗಳೂ ಮೆಮೊರಿ ಕಾರ್ಡುಗಳೂ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಆಗಿ ಬರುತ್ತವೆ. ಮೈಕ್ರೋಸಾಫ್ಟ್ ಅದನ್ನು ಹೊರತಂದದ್ದು 2006ರಲ್ಲಿ, ಎಕ್ಸ್‌ಪಿ ಬಂದದ್ದು 2001ರಲ್ಲಿ. ಆದ್ದರಿಂದ ಎಕ್ಸ್‌ಪಿ ಅದನ್ನು ನೋಡಿಯೇ ಇಲ್ಲ. ಸರ್ವಿಸ್ ಪ್ಯಾಕ್ 2 ಅಥವಾ 3 ಇರುವ ಎಕ್ಸ್‌ಪಿಗೆ ಕೆ.ಬಿ. 955704 ಎಂಬ ಪರಿಷ್ಕರಣೆಯನ್ನು ಹಾಕಿದರೆ ಎಕ್ಸ್‌ಫ್ಯಾಟ್ ಓದಲೂ ಬರೆಯಲೂ ಬರುತ್ತದೆ. ವಿಸ್ಟಾಗೆ ಸರ್ವಿಸ್ ಪ್ಯಾಕ್ 1 ಸಾಕು, ವಿಂಡೋಸ್ 7ಕ್ಕೆ ಏನೂ ಬೇಡ.

ಹಾಗಾದರೆ ಎಲ್ಲ ಕಂಪ್ಯೂಟರಿನಲ್ಲೂ ತೆರೆಯಲು ಯಾವುದರಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಲಿ?

ಹಳೆಯ ಮತ್ತು ಹೊಸ ವಿಂಡೋಸ್ ನಡುವೆ ಓಡಾಡುವ ಹಾರ್ಡ್ ಡಿಸ್ಕಿಗೆ ಎಂ.ಬಿ.ಆರ್. ಮತ್ತು ಎನ್‌ಟಿಎಫ್‌ಎಸ್ ಜೋಡಿಯನ್ನು ನಾನು ಹಿಂಜರಿಯದೆ ಸೂಚಿಸುತ್ತೇನೆ. ಎಕ್ಸ್‌ಪಿಯ ಕಾಲದಿಂದ ಇಂದಿನವರೆಗೆ ಎನ್‌ಟಿಎಫ್‌ಎಸ್‌ನ ಮೂಲ ಆವೃತ್ತಿ 3.1 ಆಗಿಯೇ ಉಳಿದಿದೆ. ಫಾರ್ಮ್ಯಾಟ್ ಮಾಡುವಾಗ ಕ್ಲಸ್ಟರ್ ಗಾತ್ರವನ್ನು, ಅಂದರೆ ಕಡತಗಳಿಗೆ ಜಾಗ ಹಂಚುವ ತುಂಡಿನ ಅಳತೆಯನ್ನು, ಡಿಫಾಲ್ಟ್ ಆಗಿಯೇ ಬಿಡಿ. ವಿಂಡೋಸ್ 10ರ ಈಚಿನ ಆವೃತ್ತಿಗಳು 64 ಕೆ.ಬಿ.ಗಿಂತ ದೊಡ್ಡ ಕ್ಲಸ್ಟರನ್ನೂ ಒಪ್ಪುತ್ತವೆ, ಹಳೆಯವು ಒಪ್ಪುವುದಿಲ್ಲ.

ಪೆನ್‌ಡ್ರೈವಿಗೆ ಫ್ಯಾಟ್32 ಸಾಕು, ಎಲ್ಲ ಯಂತ್ರಗಳೂ ಅದನ್ನು ಓದುತ್ತವೆ. ಒಂದು ಕಡತ 4 ಜಿ.ಬಿ.ಗಿಂತ ದೊಡ್ಡದಿದ್ದರೆ ಅದರಲ್ಲಿ ಕೂರದು, ಅಷ್ಟೇ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32 ಜಿ.ಬಿ.ಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆ ತೋರಿಸುತ್ತಿರಲಿಲ್ಲವೆಂಬುದು ಆ ಕಿಟಕಿಯ ಮಿತಿ. ಬೇರೆ ತಂತ್ರಾಂಶದಲ್ಲಿ ಮಾಡಿದ 64 ಜಿ.ಬಿ.ಯ ಫ್ಯಾಟ್32 ಪೆನ್‌ಡ್ರೈವನ್ನು ಎಕ್ಸ್‌ಪಿ ನಿರಾತಂಕವಾಗಿ ಓದುತ್ತದೆ. ಇನ್ನೊಂದು ಮಾತು: ಪೆನ್‌ಡ್ರೈವನ್ನು ಎರಡು ಪಾರ್ಟಿಶನ್ ಮಾಡಬೇಡಿ, ಹಳೆಯ ವಿಂಡೋಸ್ ಮೊದಲನೆಯದನ್ನು ಮಾತ್ರ ತೋರಿಸುತ್ತದೆ.

ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ಪೆನ್‌ಡ್ರೈವಿನಲ್ಲಿ ಬರೀ ಶಾರ್ಟ್‌ಕಟ್‌ಗಳೇ ಇವೆ. ಫೈಲುಗಳು ಎಲ್ಲಿ ಹೋದವು?

ಎಲ್ಲೂ ಹೋಗಿಲ್ಲ. ಒಂದು ಬಗೆಯ ವೈರಸ್ ನಿಮ್ಮ ಫೋಲ್ಡರುಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಟ್ಟಿರುತ್ತದೆ. ಅವುಗಳ ಮೇಲೆ ಕ್ಲಿಕ್ ಮಾಡಿದರೆ ನಿಮ್ಮ ಕಂಪ್ಯೂಟರಿಗೂ ಅಂಟುತ್ತದೆ. ಬೇರೆ ಫೋಲ್ಡರೊಂದರ ಟೂಲ್ಸ್ ಪಟ್ಟಿಯಿಂದ ಫೋಲ್ಡರ್ ಆಪ್ಶನ್ಸ್ ತೆರೆದು, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಹಾಕಿ, ವ್ಯವಸ್ಥೆಯ ರಕ್ಷಿತ ಕಡತಗಳನ್ನು ಮರೆಮಾಡುವ ಗುರುತನ್ನು ತೆಗೆಯಿರಿ. ನಿಮ್ಮ ನಿಜವಾದ ಫೋಲ್ಡರುಗಳು ಮಂಕಾಗಿ ಕಾಣಿಸುತ್ತವೆ. ಡಾಕ್ಯುಮೆಂಟುಗಳನ್ನಷ್ಟೇ ಹೊಸ ಕಂಪ್ಯೂಟರಿನಲ್ಲಿ ನಕಲು ಮಾಡಿಕೊಂಡು, ವೈರಸ್ ಪರೀಕ್ಷೆ ಮಾಡಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ನಕಲು ಕೈಯಲ್ಲಿರುವುದರಿಂದ ಇಲ್ಲಿ ಫಾರ್ಮ್ಯಾಟ್ ಸರಿಯಾದ ಕ್ರಮ. ಪೆನ್‌ಡ್ರೈವ್ ಹಾಕಿದ ಕೂಡಲೇ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2011ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾದಲ್ಲಿ ನಿಲ್ಲಿಸಿತು. ಆ ಪರಿಷ್ಕರಣೆ ಕಾಣದ ಯಂತ್ರಗಳು ಇಂದಿಗೂ ಸೋಂಕು ಹರಡುತ್ತವೆ.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳೆಲ್ಲ ಚೌಕ ಚೌಕವಾಗಿ ಕಾಣುತ್ತವೆ. ಡ್ರೈವ್ ಕೆಟ್ಟಿತೇ?

ಇಲ್ಲ, ಹೆಸರುಗಳು ಸರಿಯಾಗಿಯೇ ಇವೆ. ಅವುಗಳನ್ನು ಬಿಡಿಸಲು ಬೇಕಾದ ಅಕ್ಷರ ಸೌಲಭ್ಯ ಆ ಎಕ್ಸ್‌ಪಿಯಲ್ಲಿ ಚಾಲೂ ಆಗಿಲ್ಲ. ಕಂಟ್ರೋಲ್ ಪ್ಯಾನಲ್ಲಿನ ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳಲ್ಲಿ, ಭಾಷೆಯ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಕಡತಗಳನ್ನು ಸ್ಥಾಪಿಸುವ ಗುರುತನ್ನು ಹಾಕಿ. ಎಕ್ಸ್‌ಪಿಯ ಸಿ.ಡಿ. ಕೇಳಬಹುದು. ಕಂಪ್ಯೂಟರನ್ನು ಮತ್ತೆ ಶುರು ಮಾಡಿದಾಗ ತುಂಗಾ ಅಕ್ಷರದಲ್ಲಿ ಹೆಸರುಗಳು ಮೂಡುತ್ತವೆ. ಇದನ್ನು ತಿಳಿಯದೆ ಡಿಸ್ಕ್ ಕೆಟ್ಟಿದೆಯೆಂದು, ಕಡತ ವ್ಯವಸ್ಥೆಯನ್ನು ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿದವರನ್ನು ಬಲ್ಲೆ. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಗಳು ಮಾತ್ರ ಕನ್ನಡ ಹೆಸರಿನ ಕಡತವನ್ನು ಆಗಲೂ ತೆರೆಯದಿರಬಹುದು, ಅಂಥ ಕಡತಗಳಿಗೆ ಹೊಸ ಕಂಪ್ಯೂಟರಿನಲ್ಲೇ ಇಂಗ್ಲಿಷ್ ಹೆಸರು ಕೊಟ್ಟು ತನ್ನಿ.

## ಆಳದ ತೊಡಕುಗಳು

3 ಟಿ.ಬಿ. ಡಿಸ್ಕನ್ನು ಎಕ್ಸ್‌ಪಿ 746 ಜಿ.ಬಿ. ಎಂದು ತೋರಿಸುತ್ತದೆ. ಉಳಿದದ್ದು ಎಲ್ಲಿ?

ಇದು ಅಂಕಗಣಿತದ ಪ್ರಶ್ನೆ. ಡಿಸ್ಕನ್ನು 512 ಬೈಟಿನ ಸಣ್ಣ ಸಣ್ಣ ಸೆಕ್ಟರುಗಳಾಗಿ ಎಣಿಸುತ್ತಾರೆ. ಎಕ್ಸ್‌ಪಿಯ ಕಾಲದ ಎಣಿಕೆ 32 ಬಿಟ್‌ಗಳದು, ಅಂದರೆ ಸುಮಾರು 429 ಕೋಟಿಯಷ್ಟು ಸೆಕ್ಟರುಗಳಿಗೆ ಅದರ ಲೆಕ್ಕ ಮುಗಿಯುತ್ತದೆ. ಅದು ಸರಿಯಾಗಿ 2,048 ಜಿ.ಬಿ. ನಿಮ್ಮ 3 ಟಿ.ಬಿ. ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ ಸುಮಾರು 2,794 ಜಿ.ಬಿ. 2,048 ಆದ ಕೂಡಲೇ ಎಣಿಕೆ ಮತ್ತೆ ಸೊನ್ನೆಗೆ ಬಂದು, ಮಿಕ್ಕ 746 ಮಾತ್ರ ಕಾಣುತ್ತದೆ. ವಾಹನದ ಕಿಲೋಮೀಟರ್ ಮೀಟರು 99,999 ದಾಟಿ ಸೊನ್ನೆಯಾಗುವಂತೆ.

ಈ ಸ್ಥಿತಿಯಲ್ಲಿ ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಎಣಿಕೆ ಸುತ್ತು ಹೊಡೆಯುವ ಯಂತ್ರ, ಡಿಸ್ಕಿನ ಕೊನೆಗೆ ಬರೆಯಬೇಕಾದದ್ದನ್ನು ಆರಂಭದಲ್ಲಿ ಬರೆದು ಪಾರ್ಟಿಶನ್ ಪಟ್ಟಿಯನ್ನೇ ತುಳಿಯಬಲ್ಲದು. ಕೂಡಲೇ ತೆಗೆದು, 2 ಟಿ.ಬಿ. ಅಥವಾ ಚಿಕ್ಕ ಡಿಸ್ಕನ್ನು ಆ ಕಂಪ್ಯೂಟರಿಗೆ ಮೀಸಲಿಡಿ.

ಹೊರಗಿನ ಪೆಟ್ಟಿಗೆಯ ಯು.ಎಸ್.ಬಿ. ಕಿಂಡಿ ಮುರಿಯಿತು. ಡಿಸ್ಕನ್ನು ಬಿಚ್ಚಿ ನೇರವಾಗಿ ಮದರ್‌ಬೋರ್ಡಿಗೆ ಹಾಕಿದರೆ ಖಾಲಿ ಎನ್ನುತ್ತದೆ. ಹೇಗೆ ಸಾಧ್ಯ?

ಪೆಟ್ಟಿಗೆಯೊಳಗಿನ ಸಣ್ಣ ಬೋರ್ಡು ಬರೀ ಸೇತುವೆಯಲ್ಲ, ಕೆಲವೊಮ್ಮೆ ದುಭಾಷಿಯೂ ಹೌದು. ಮೇಲೆ ಹೇಳಿದ 2 ಟಿ.ಬಿ. ಮಿತಿಯನ್ನು ದಾಟಲು ಕೆಲವು ತಯಾರಕರು ಒಂದು ಉಪಾಯ ಮಾಡಿದ್ದರು. 512 ಬೈಟಿನ ಎಂಟು ಸೆಕ್ಟರುಗಳನ್ನು 4,096 ಬೈಟಿನ ಒಂದೇ ಸೆಕ್ಟರೆಂದು ಆ ಬೋರ್ಡು ಕಂಪ್ಯೂಟರಿಗೆ ಹೇಳುತ್ತದೆ. ಆಗ ಅದೇ 32 ಬಿಟ್ ಎಣಿಕೆಯಲ್ಲಿ 16 ಟಿ.ಬಿ.ವರೆಗೆ ಹಿಡಿಸುತ್ತದೆ, ಎಕ್ಸ್‌ಪಿಯೂ ಎಂ.ಬಿ.ಆರ್.ನಲ್ಲೇ 3 ಟಿ.ಬಿ.ಯನ್ನು ಓದುತ್ತದೆ. ಬೋರ್ಡನ್ನು ತೆಗೆದು ನೇರವಾಗಿ ಹಾಕಿದಾಗ ದುಭಾಷಿ ಇಲ್ಲ. ಪಾರ್ಟಿಶನ್ ಪಟ್ಟಿಯಲ್ಲಿ "256ನೆಯ ಸೆಕ್ಟರಿನಿಂದ ಆರಂಭ" ಎಂದು ಬರೆದಿದ್ದರೆ, ಕಂಪ್ಯೂಟರು 512ರ ಲೆಕ್ಕದಲ್ಲಿ ಎಣಿಸಿ ಎಂಟನೆಯ ಒಂದು ಪಾಲು ದೂರದಲ್ಲೇ ನಿಂತು, ಅಲ್ಲಿ ಏನೂ ಕಾಣದೆ, ಖಾಲಿ ಎನ್ನುತ್ತದೆ.

ಇನಿಶಿಯಲೈಸ್ ಮಾಡಲು, ಅಂದರೆ ಹೊಸ ಪಾರ್ಟಿಶನ್ ಪಟ್ಟಿ ಬರೆಯಲು, ಕೇಳಿದರೆ ಒಪ್ಪಬೇಡಿ. ಅದೇ ಮಾದರಿಯ ಪೆಟ್ಟಿಗೆ ಅಥವಾ ಮುರಿದ ಕಿಂಡಿಯನ್ನು ಮತ್ತೆ ಬೆಸೆದ ಅದೇ ಬೋರ್ಡು ಸಿಕ್ಕರೆ ಎಲ್ಲವೂ ಮರಳಿ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಆ ಬೋರ್ಡು ನೀವು ಪಾಸ್‌ವರ್ಡ್ ಇಡದಿದ್ದರೂ ಎಲ್ಲ ಮಾಹಿತಿಯನ್ನು ಗೂಢಲಿಪಿಗೆ ಬದಲಿಸಿಯೇ ಬರೆಯುತ್ತದೆ, ಅಂಥ ಕಡೆ ಮೂಲ ಬೋರ್ಡನ್ನು ಬಂಗಾರದಂತೆ ಕಾಯ್ದುಕೊಳ್ಳಿ.

ಮ್ಯಾಕ್‌ನಲ್ಲಿ ಬಳಸಿದ ಡ್ರೈವ್ ಇದು. ಹಳೆಯ ವಿಂಡೋಸ್‌ಗೂ ತಿಳಿಯದು, ನಮ್ಮ ಹಳೆಯ ಮ್ಯಾಕ್‌ಗೂ ತಿಳಿಯದು.

ಹೊಸ ಮ್ಯಾಕ್‌ಗಳ ಎ.ಪಿ.ಎಫ್.ಎಸ್. ಎಂಬ ಕಡತ ವ್ಯವಸ್ಥೆ 2017ರ ಹೈ ಸಿಯೆರಾದೊಂದಿಗೆ ಬಂತು, ಅದಕ್ಕೂ ಹಳೆಯ ಮ್ಯಾಕ್‌ಗಳು ಅದನ್ನು ಓದಲಾರವು. ಅಲ್ಲಿಯೂ ಇನಿಶಿಯಲೈಸ್ ಎಂಬ ಗುಂಡಿ ಬರುತ್ತದೆ. ಅದನ್ನು ಬಿಟ್ಟು ಇಜೆಕ್ಟ್ ಒತ್ತಿ. ಹೊಸ ಮ್ಯಾಕ್‌ನಲ್ಲಿ ಕಡತಗಳನ್ನು ಎಕ್ಸ್‌ಫ್ಯಾಟ್ ಡ್ರೈವಿಗೆ ನಕಲಿಸಿದರೆ 10.6.5ರ ನಂತರದ ಮ್ಯಾಕ್‌ಗಳೂ ವಿಂಡೋಸ್ 7ಊ ಓದುತ್ತವೆ. ಎನ್‌ಟಿಎಫ್‌ಎಸ್ ಡ್ರೈವನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ.

ಹಳೆಯ ಕಂಪ್ಯೂಟರ್ ಬಿಟ್ಟರೆ ಬೇರೆ ಕಂಪ್ಯೂಟರೇ ಇಲ್ಲ. ಎಕ್ಸ್‌ಪಿ ಓದದ ಡ್ರೈವಿನಿಂದ ಹೇಗಾದರೂ ಫೈಲ್ ತೆಗೆಯಬಹುದೇ?

ತೆಗೆಯಬಹುದು. ಪೆನ್‌ಡ್ರೈವ್ ಅಥವಾ ಡಿ.ವಿ.ಡಿ.ಯಿಂದಲೇ ಓಡುವ ಲಿನಕ್ಸ್ ಇದಕ್ಕೆ ಒದಗುತ್ತದೆ. ಜಿ.ಪಿ.ಟಿ. ಲಿನಕ್ಸ್‌ಗೆ ತಿಳಿಯುತ್ತದೆ, ಎನ್‌ಟಿಎಫ್‌ಎಸ್ ಕೂಡ. ಎಕ್ಸ್‌ಫ್ಯಾಟ್ ಕರ್ನಲ್ ಎಂಬ ಲಿನಕ್ಸ್‌ನ ತಿರುಳಿನ 5.4ನೆಯ ಆವೃತ್ತಿಯಿಂದ ಒಳಗೇ ಸೇರಿದೆ. ಆ ಲಿನಕ್ಸನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಬೇಡಿ, ಪರೀಕ್ಷೆಯ ಆಯ್ಕೆಯಲ್ಲೇ ತೆರೆದು, ಬೇಕಾದ ಕಡತಗಳನ್ನು ಎಕ್ಸ್‌ಪಿಯ ಡಿಸ್ಕಿಗೆ ಎಳೆದು ಹಾಕಿ, ಮತ್ತೆ ಎಕ್ಸ್‌ಪಿಗೆ ಮರಳಿ. 32 ಬಿಟ್ ಯಂತ್ರಕ್ಕೆ 32 ಬಿಟ್ ಆವೃತ್ತಿಯೇ ಬೇಕು ಎಂಬುದನ್ನು ಮರೆಯಬೇಡಿ.

ಯು.ಎಸ್.ಬಿ. ಬಿಟ್ಟು ನೆಟ್‌ವರ್ಕ್ ಕೇಬಲ್ಲಿನಿಂದ ವಿಂಡೋಸ್ 10ಕ್ಕೆ ಜೋಡಿಸಿದರೂ ಎಕ್ಸ್‌ಪಿ ಸೇರುತ್ತಿಲ್ಲ.

ಎಕ್ಸ್‌ಪಿಗೆ ಕಡತ ಹಂಚಿಕೆಯ ಎಸ್.ಎಂ.ಬಿ. ಮೊದಲ ಆವೃತ್ತಿ ಮಾತ್ರ ಗೊತ್ತು. 2017ರ ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ವೈರಸ್ ಹರಡಿದ್ದು ಅದರ ದೋಷದ ಮೂಲಕವೇ. ಅದೇ ವರ್ಷದ ಕೊನೆಯಲ್ಲಿ ಬಂದ ಆವೃತ್ತಿಯಿಂದ ವಿಂಡೋಸ್ 10 ಹೊಸದಾಗಿ ಸ್ಥಾಪಿಸುವಾಗ ಎಸ್.ಎಂ.ಬಿ.ಯ ಆ ಮೊದಲ ಆವೃತ್ತಿಯನ್ನು ಸೇರಿಸುತ್ತಿಲ್ಲ. ಮತ್ತೆ ಚಾಲೂ ಮಾಡಲು ಸಾಧ್ಯವಿದೆ, ನಾನು ಸಲಹೆ ಮಾಡುವುದಿಲ್ಲ. 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತ ಎಕ್ಸ್‌ಪಿಯನ್ನು ಇಂಟರ್ನೆಟ್ಟಿಗೆ ಜೋಡಿಸದೆ ಇಟ್ಟುಕೊಂಡು, ಫ್ಯಾಟ್32 ಪೆನ್‌ಡ್ರೈವಿನಲ್ಲಿ ಕಡತ ಸಾಗಿಸುವುದೇ ಕ್ಷೇಮ.

ವಿಂಡೋಸ್‌ನ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದ ಪೆನ್‌ಡ್ರೈವ್ ಎಕ್ಸ್‌ಪಿಯಲ್ಲಿ ತೆರೆಯುತ್ತದೆಯೇ?

ಪೆನ್‌ಡ್ರೈವ್ ಫ್ಯಾಟ್ ಬಗೆಯದಾಗಿದ್ದು, ಹೊಂದಾಣಿಕೆಯ ವಿಧಾನದಲ್ಲಿ ಬೀಗ ಹಾಕಿದ್ದರೆ, ಅದರಲ್ಲೇ ಇರುವ ಬಿಟ್‌ಲಾಕರ್ ಟು ಗೋ ರೀಡರ್ ಮೂಲಕ ಓದಬಹುದು, ಬರೆಯಲಾಗದು. ಎನ್‌ಟಿಎಫ್‌ಎಸ್ ಆಗಿದ್ದರೆ ಹೊಸ ಕಂಪ್ಯೂಟರಿನಲ್ಲಿ ಬೀಗ ತೆಗೆದೇ ತರಬೇಕು.

ಕೀಬೋರ್ಡ್, ಮೌಸ್, ಪ್ರಿಂಟರ್ ಎಲ್ಲ ಯು.ಎಸ್.ಬಿ.ಯಲ್ಲಿ ನಡೆಯುತ್ತವೆ. ಪೆನ್‌ಡ್ರೈವ್ ಮಾತ್ರ ಯಾವುದೂ ನಡೆಯುವುದಿಲ್ಲ. ಕಚೇರಿಯಿಂದ ಹರಾಜಿನಲ್ಲಿ ಕೊಂಡ ಕಂಪ್ಯೂಟರ್ ಇದು.

ಕಚೇರಿಗಳಲ್ಲಿ ಮಾಹಿತಿ ಹೊರಹೋಗದಂತೆ ಸಂಗ್ರಹ ಸಾಧನಗಳನ್ನಷ್ಟೇ ತಡೆದಿಡುವುದುಂಟು. ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯ ಸರ್ವಿಸಸ್ ಕೆಳಗೆ ಯು.ಎಸ್.ಬಿ.ಸ್ಟೋರ್ ಎಂಬಲ್ಲಿ ಸ್ಟಾರ್ಟ್ ಎಂಬ ಬೆಲೆ 4 ಇದ್ದರೆ ತಡೆಯಿದೆ ಎಂದರ್ಥ. 3 ಮಾಡಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರೆ ಪೆನ್‌ಡ್ರೈವ್ ನಡೆಯುತ್ತದೆ. ಯಂತ್ರ ಈಗಲೂ ಕಚೇರಿಯದೇ ಆಗಿದ್ದರೆ ಇದನ್ನು ನೀವು ಮಾಡಬಾರದು, ಅಲ್ಲಿನ ಹೊಣೆಗಾರರನ್ನು ಕೇಳಬೇಕು.

ಎಲ್ಲ ಮಾಡಿ ನೋಡಿದೆವು. ಯಾವ ಕಂಪ್ಯೂಟರಿಗೆ ಹಾಕಿದರೂ ಕಟ್ ಕಟ್ ಸದ್ದು. ಮಗಳ ಮದುವೆಯ ಫೋಟೋಗಳೆಲ್ಲ ಅದರಲ್ಲೇ ಇವೆ. ಚೆಕ್‌ಡಿಸ್ಕ್ ಓಡಿಸಲೇ?

ಬೇಡ. ಚೆಕ್‌ಡಿಸ್ಕ್ ಕಡತ ವ್ಯವಸ್ಥೆಯ ಲೆಕ್ಕವನ್ನು ಸರಿಪಡಿಸುವ ಸಾಧನ. ಸರಿಪಡಿಸಲೆಂದು ಅದು ಡಿಸ್ಕಿಗೆ ಬರೆಯುತ್ತದೆ, ಕೆಟ್ಟ ಜಾಗಗಳನ್ನು ಮತ್ತೆ ಮತ್ತೆ ಓದಿ ದಣಿಸುತ್ತದೆ. ಸಾಕಷ್ಟು ವಿದ್ಯುತ್ತು ಇದ್ದೂ ಎಲ್ಲ ಕಡೆಯೂ ಒಂದೇ ತಾಳದಲ್ಲಿ ಸದ್ದು ಬಂದರೆ, ಓದುವ ತಲೆ ತನ್ನ ಜಾಗವನ್ನು ಹುಡುಕಲಾರದೆ ಹೋಗಿ ಹಿಂದಿರುಗುತ್ತಿದೆ. ಪ್ರತಿ ಸಲ ಚಾಲೂ ಮಾಡಿದಾಗಲೂ ತಟ್ಟೆಯ ಮೇಲ್ಮೈ ಗೀಚಿಹೋಗುವ ಅಪಾಯವಿದೆ. ಕೂಡಲೇ ತೆಗೆದು, ಧೂಳುರಹಿತ ಕೋಣೆಯಲ್ಲಿ ಡಿಸ್ಕ್ ಬಿಚ್ಚಬಲ್ಲ ಡೇಟಾ ರಿಕವರಿ ತಜ್ಞರಿಗೆ ಕೊಡಿ. ವೆಚ್ಚ ಹೆಚ್ಚು, ಆದರೆ ಕೊಡುವ ಮುಂಚೆ ಪರೀಕ್ಷೆಯ ಶುಲ್ಕವೆಷ್ಟು, ಕಡತ ಸಿಗದಿದ್ದರೆ ಹಣ ಕೊಡಬೇಕೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಡ್ರೈವನ್ನು ಫ್ರಿಜ್ಜಿನಲ್ಲಿಡುವುದು, ಮೇಜಿಗೆ ತಟ್ಟುವುದು, ಮನೆಯಲ್ಲೇ ಸ್ಕ್ರೂ ಬಿಚ್ಚಿ ನೋಡುವುದು ಯಾವುದನ್ನೂ ಮಾಡಬೇಡಿ.

ಸದ್ದಿಲ್ಲದೆ, ಅಲ್ಲಲ್ಲಿ ತಡವರಿಸುತ್ತಾ ಓದುವ ಡ್ರೈವಾದರೆ ಮನೆಯಲ್ಲೇ ಪ್ರಯತ್ನಿಸಬಹುದು. ಲಿನಕ್ಸ್‌ನಲ್ಲಿರುವ ಜಿ.ಎನ್.ಯು. ಡಿ.ಡಿ.ರೆಸ್ಕ್ಯೂ ಎಂಬ ತಂತ್ರಾಂಶ, ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಎಲ್ಲಿ ತಡೆಯಿತೆಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ನಡುವೆ ಕರೆಂಟ್ ಹೋದರೂ ಆ ಪಟ್ಟಿಯಿಂದ ಮುಂದುವರಿಸಬಹುದು. ನಕಲಿಗೆ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್ ಬೇಕು. ಅದು ಮುಗಿದ ಮೇಲೆ ಮೂಲವನ್ನು ಪಕ್ಕಕ್ಕಿಟ್ಟು, ಚೆಕ್‌ಡಿಸ್ಕ್ ಆಗಲಿ ಫೋಟೋರೆಕ್ ಆಗಲಿ, ಎಲ್ಲ ಪ್ರಯೋಗಗಳನ್ನೂ ಆ ನಕಲಿನ ಮೇಲೆ ಮಾಡಿ.